ಲೆಕ್ಕವೋ ಯಂತ್ರವೋ

ಚಲಿಸುವ ವಸ್ತುವನ್ನು ಬಿಡದೆ ಹಿಂಬಾಲಿಸಿ, ಮರುಕ್ಷಣ ಅದು ಎಲ್ಲಿರುವುದೆಂದು ಹೇಳುವ ವಿದ್ಯೆಗೆ ಲಕ್ಷ್ಯಾನುಸರಣವೆಂದು ಹೆಸರಿಡೋಣ. ರೇಡಾರು ವಿಮಾನವನ್ನು ಕಾಯುವುದು ಈ ವಿದ್ಯೆಯಿಂದಲೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮನೆಗಳಿಂದ ಇಂಜಿನಿಯರಿಂಗ್ ಕಲಿಯಹೋದ ಮಕ್ಕಳಲ್ಲಿ ಯಾರಾದರೂ ಇಂತಹ ಉಪಕರಣವನ್ನು ನಿರ್ಮಿಸಿ ಪೇಟೆಂಟು ಬೇಡಿದರೆ, ‘ಇದು ಬರಿಯ ಗಣಿತ’ವೆಂಬ ತಿರಸ್ಕಾರ ಬರುವ ಸಂಭವವುಂಟು. ಗಣಿತಪದ್ಧತಿಗೂ, ಕೇವಲ ಕಂಪ್ಯೂಟರ್ ಪ್ರೋಗ್ರಾಮಿಗೂ ಪೇಟೆಂಟು ಸಲ್ಲದೆಂದು 1970ನೆಯ ಇಸವಿಯ ಕಾಯಿದೆಯ 3(ಕೆ) ಕಲಮು ವಿಧಿಸಿದೆ.

ಈ ನಿಷೇಧ ನ್ಯಾಯವಾದುದೆಂದೇ ನಮ್ಮ ಮತ. ಜಗಳೂರಿಗೆ ವಾಯವ್ಯದಲ್ಲಿರುವ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು, ಅಂದಾಜಿನ ದೋಷ ಯಾವ ಮಿತಿಗಿಂತ ಕೆಳಗಿಳಿಯಲಾರದೆಂಬುದನ್ನು 1945ರಲ್ಲಿ ತೋರಿಸಿಕೊಟ್ಟರು. ಲಕ್ಷ್ಯಾನುಸರಣದ ಪಂಡಿತರು ಇಂದಿಗೂ ತಮ್ಮ ಯಂತ್ರದ ಬಲವನ್ನು ಆ ಮಿತಿಯೊಡನೆ ಹೋಲಿಸಿ ನೋಡುತ್ತಾರೆ. ಅದಕ್ಕೊಬ್ಬ ಒಡೆಯ ಬೀಗ ಹಾಕಿದ್ದರೆ ಗತಿಯೇನು!

ಆದರೆ ಲೆಕ್ಕವಿದ್ದ ಮಾತ್ರಕ್ಕೆ ಯಂತ್ರವೆಲ್ಲ ಲೆಕ್ಕವಾಗದು. ದಾವಣಗೆರೆಯ ಬಸ್ಸಿನಲ್ಲಿ ಕುಳಿತವನು ತಲೆ ತಿರುಗಿಸಿದನೋ, ಬಸ್ಸೇ ತಿರುಗಿತೋ? ತಲೆಯ ಮೇಲೊಂದು, ವಾಹನದಲ್ಲೊಂದು ಅಳೆಯುವ ಸಾಧನವನ್ನಿಟ್ಟು ಎರಡನ್ನೂ ಹೋಲಿಸಿದರೆ ತಿಳಿಯಬರುವುದು. ಥೇಲ್ಸ್ ವಿಷನಿಕ್ಸ್ ಎಂಬ ಕಂಪನಿಗೆ ಅಮೆರಿಕದಲ್ಲಿ ದೊರೆತಿದ್ದ ಪೇಟೆಂಟು ಹೆಚ್ಚುಕಡಿಮೆ ಇದೇ. ಕೆಳಗಿನ ನ್ಯಾಯಾಲಯ 2015ರಲ್ಲಿ ಅದನ್ನು ಅಮೂರ್ತ ವಿಚಾರವೆಂದು ತಳ್ಳಿಹಾಕಿತು. ಮೇಲ್ಮನವಿಯ ನ್ಯಾಯಾಲಯವು 2017ರ ಮಾರ್ಚಿಯಲ್ಲಿ ಆ ತೀರ್ಪನ್ನು ಬದಲಿಸಿ, ಸಾಧನಗಳನ್ನು ಹೊಸ ಬಗೆಯಲ್ಲಿ ಇರಿಸಿದ್ದೇ ಆವಿಷ್ಕಾರ, ಸಮೀಕರಣಗಳು ಅದರ ಫಲವೆಂದು ಹೇಳಿತು. ಅರ್ಜಿಯ ತಿರಸ್ಕಾರದ ವ್ಯಾಜ್ಯ ಅದಲ್ಲವಾದರೂ ವಾದದ ದಾರಿ ನಮ್ಮವರಿಗೂ ಸಲ್ಲುವುದು. ಲೆಕ್ಕವನ್ನು ಹೊಗಳಿದಷ್ಟೂ ಮೇಲ್ಮನವಿ ಸೋಲುವುದು. ಯಾವ ಸಾಧನ ಎಲ್ಲಿದೆ, ಯಾವ ದೋಷ ಅದರಿಂದ ತಗ್ಗಿತು ಎಂಬುದನ್ನು ತೋರಿಸಬೇಕು. ಮೂಲ ವಿವರಣೆಯಲ್ಲಿಲ್ಲದ ಹೊಸ ಸಂಗತಿಯನ್ನು ಆಮೇಲೆ ಸೇರಿಸಲು ಕಾಯಿದೆ ಒಪ್ಪದಾದುದರಿಂದ, ಇದೆಲ್ಲ ಮೊದಲೇ ಬರೆದಿರತಕ್ಕದ್ದು.

ಇಂತಹ ಮೇಲ್ಮನವಿಗಳನ್ನು ಕೇಳುತ್ತಿದ್ದ ಪ್ರತ್ಯೇಕ ಮಂಡಲಿ 2021ರಲ್ಲಿ ರದ್ದಾಗಿ, ಅಧಿಕಾರ ಉಚ್ಚ ನ್ಯಾಯಾಲಯಗಳಿಗೆ ಸೇರಿತು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟು ಕಚೇರಿಗೆ ಸಲ್ಲುವುದರಿಂದ ನಮ್ಮ ಸೀಮೆಯವರು ಮದರಾಸು ಉಚ್ಚ ನ್ಯಾಯಾಲಯಕ್ಕೇ ಹೋಗಬೇಕು. ನ್ಯಾಮತಿಯ ಗೃಹಸ್ಥನಿಗೆ ಬೆಂಗಳೂರಿನ ವಕೀಲರ ಖರ್ಚೇ ಭಾರ. ಇನ್ನು ಮದರಾಸಿನದನ್ನು ಹೇಳುವುದೇನು! ಅವಧಿಯೋ ಮೂರೇ ತಿಂಗಳು. ಅದನ್ನು ಮೀರಿದರೆ ನ್ಯಾಯಾಲಯದ ಕೃಪೆಯನ್ನು ಬೇಡಬೇಕು. ತಿರಸ್ಕಾರದ ಆಜ್ಞೆ ಬಂದ ಮನೆಯಲ್ಲಿ ಹಿರಿಯರು ಮಗನನ್ನೋ ಮಗಳನ್ನೋ ಹಳಿಯುತ್ತ ಕೂರದೆ, ಮೊದಲು ಅದರ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಲಿ.