ವೈದ್ಯ ವಿಚಾರ: ನಿಲ್ಲದ ಬಿಕ್ಕಳಿಕೆ, ಅದುರುವ ಹೊಟ್ಟೆ

ತಲೆಗೆ ಪೆಟ್ಟು ತಗಲಿಯೋ ಪಾರ್ಶ್ವವಾಯು ಬಡಿದೋ ಆಸ್ಪತ್ರೆ ಸೇರಿ ಮನೆಗೆ ಮರಳಿದ ರೋಗಿಯಲ್ಲಿ ಒಂದು ವಿಲಕ್ಷಣವಾದ ಚಿಹ್ನೆ ಅಪರೂಪವಾಗಿ ತಲೆದೋರುವುದುಂಟು. ಬಿಕ್ಕಳಿಕೆ ನಿಲ್ಲುವುದೇ ಇಲ್ಲ; ಇಲ್ಲವೆ ಪಕ್ಕೆಲುಬುಗಳ ಕೆಳಗೆ ಹೊಟ್ಟೆಯು ತಾನಾಗಿಯೇ ಅದುರಿ, ಆಡುವ ಮಾತು ನಡುವೆ ತುಂಡಾಗುವುದು. ಇದನ್ನು ಕೆಲವರು ಗಾಳಿ ಸೋಕಿತೆನ್ನುವರು, ಕೆಲವರು ರೋಗಿಯ ಹಟವೆನ್ನುವರು. ಎರಡೂ ತಪ್ಪು.

ಎದೆಗೂ ಹೊಟ್ಟೆಗೂ ನಡುವೆ ಪರದೆಯಂತೆ ಹರಡಿರುವ ವಪೆಯೇ ಉಸಿರಾಟದ ಮುಖ್ಯ ಸ್ನಾಯು. ಅದಕ್ಕೆ ಅಪ್ಪಣೆಯು ಮೆದುಳಿನ ಬುಡದಲ್ಲಿ ಹುಟ್ಟಿ ಕತ್ತಿನ ನರಗಳ ಮೂಲಕ ಇಳಿಯುತ್ತದೆ. ಆ ಬುಡಕ್ಕೆ ಘಾಸಿಯಾದರೆ ಅಪ್ಪಣೆಯ ತಾಳ ತಪ್ಪಬಹುದು. 1963ರಲ್ಲಿ ಲ್ಯಾನ್ಸ್ ಮತ್ತು ಆಡಮ್ಸ್ ಎಂಬ ವೈದ್ಯರು, ಪ್ರಾಣವಾಯು ಸಾಲದೆ ಮೆದುಳು ನೊಂದವರ ಅಂಗಗಳು ಕೆಲಸಕ್ಕೆ ತೊಡಗಿದೊಡನೆ ಥಟ್ಟನೆ ಜಗ್ಗುವುದನ್ನು ವರ್ಣಿಸಿದರು.

ವಪೆಯ ಅದುರುವಿಕೆಗೆ ಮೆದುಳಿನ ಗಾಯವೊಂದೇ ಕಾರಣವಲ್ಲ. ಸೂಕ್ಷ್ಮದರ್ಶಕದಿಂದ ಕೀರ್ತಿ ಪಡೆದ ಹಾಲೆಂಡಿನ ಲೇವೆನ್‌ಹುಕ್, 1723ರಲ್ಲಿ ತೀರಿಕೊಳ್ಳುವ ಮುನ್ನ, ತನಗೇ ಬಂದ ಈ ಬೇನೆಯನ್ನು ಬರೆದಿಟ್ಟನು. ವೈದ್ಯನು ಹೃದಯದ ದೋಷವೆಂದರೂ ಆತನು ತನ್ನ ಅನುಭವವನ್ನು ನಂಬಿ, ಇದು ವಪೆಯದೆಂದು ಸಾಧಿಸಿದನು. ಬೇನೆಗೆ ಈಗಲೂ ಆತನ ಹೆಸರುಂಟು.

ಇದರಿಂದ ಗೃಹಸ್ಥರು ಕಲಿಯತಕ್ಕದ್ದು ಇಷ್ಟೇ: ನೋಡಿದ್ದನ್ನು ಗುರುತಿಟ್ಟುಕೊಳ್ಳಿರಿ. ಅದುರುವಿಕೆ ನಿದ್ರೆಯಲ್ಲಿ ನಿಲ್ಲುವುದೇ? ಉಣ್ಣುವಾಗ, ಮಾತನಾಡುವಾಗ ಹೆಚ್ಚುವುದೇ? ಯಾವ ಔಷಧ ಆರಂಭಿಸಿದ ಬಳಿಕ ಬಂದಿತು? ವೈದ್ಯರೆದುರು ಅದು ಕಾಣಿಸದೆ ಹೋಗಬಹುದಾದ್ದರಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿರಿ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಭೀಮಗಡದ ಕಾಡೊಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಆ ದಾರಿಯೂ ದುರ್ಗಮ. ಅಷ್ಟು ಕಷ್ಟಪಟ್ಟು ಬಂದವರು ಬರಿಗೈಯಲ್ಲಿ ಬರಬಾರದು. ಬೆಳಗಾವಿಯ ದೊಡ್ಡ ಆಸ್ಪತ್ರೆಯ ನರರೋಗ ತಜ್ಞರಿಗೆ ಆ ಚಿತ್ರವೇ ಅರ್ಧ ಪರೀಕ್ಷೆ. ಮಿಕ್ಕದ್ದನ್ನು ಅವರು ಸ್ಕ್ಯಾನಿಂಗ್‌ನಿಂದ ಅರಿಯಬಲ್ಲರು. ಪೂರ್ಣ ಗುಣವಾಗದವರಿಗೂ ಔಷಧದಿಂದ ಎಷ್ಟೋ ಉಪಶಮನ ದೊರೆಯಬಹುದು.

ಬಿಕ್ಕಳಿಕೆ 48 ಗಂಟೆ ಮೀರಿದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿರಿ. ಅದುರುತ್ತಿರುವಾಗ ಬಾಯಿಗೆ ಅನ್ನ ನೀರು ಹಾಕಬಾರದು. ನಿಂತ ಮೇಲೆ ನೆಟ್ಟಗೆ ಕೂರಿಸಿ ಉಣಿಸಬೇಕು, ಇಲ್ಲದಿದ್ದರೆ ತುತ್ತು ಶ್ವಾಸನಾಳಕ್ಕೆ ಇಳಿದೀತು. ಬಿಕ್ಕಳಿಕೆಯೊಡನೆ ಹಠಾತ್ತನೆ ತಲೆ ತಿರುಗುವುದು, ನಡೆ ತೂರಾಡುವುದು, ನುಂಗಲಾಗದಿರುವುದು ಕಂಡರೆ, ಅಥವಾ ತುಟಿ ನೀಲಿಗಟ್ಟಿದರೆ, ಕೂಡಲೇ 108ಕ್ಕೆ ಕರೆ ಮಾಡಿರಿ. ರೋಗಿಯನ್ನು ಮಾತ್ರ ಗದರಿಸಬೇಡಿರಿ. ತನ್ನ ಉಸಿರೇ ತನ್ನ ಮಾತು ಕೇಳದಿರುವಾಗ ಅವನಿಗೆ ಬೇಕಾದುದು ಮನೆಯವರ ನಂಬಿಕೆ.