ಉತ್ತರ ಸರಿ, ಅಂಕ ಮುಕ್ಕಾಲು

‘ಮೇಡಂ, ಉತ್ತರ ಸರಿ ಇದೆಯಲ್ಲ, ಮತ್ತ್ಯಾಕೆ ಮಾರ್ಕ್ಸ್ ಕಟ್?’

ನ್ಯೂಜೆರ್ಸಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ‘ಎಪಿ ಸ್ಟ್ಯಾಟಿಸ್ಟಿಕ್ಸ್’ ಕಲಿಸುವ ನನಗೆ ಪ್ರತಿವರ್ಷ ಫೆಬ್ರವರಿ ಹೊತ್ತಿಗೆ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರು ಬಹುತೇಕ ನಮ್ಮ ದೇಶದಿಂದ ಬಂದ ಪೋಷಕರು. ನಾನು ದಾವಣಗೆರೆಯವಳು ಅಂತ ಗೊತ್ತಾದವರು ಕನ್ನಡದಲ್ಲೇ ಕೇಳುತ್ತಾರೆ, ಸ್ವಲ್ಪ ಸಲುಗೆಯಿಂದ. ನಮ್ಮವರಲ್ಲವಾ, ಒಂದೆರಡು ಅಂಕ ಅತ್ತಿತ್ತ ಆದರೂ ಆದೀತು ಎಂಬ ಆಸೆ. ಅವರ ಕೈಯಲ್ಲಿ ಮಗಳ ಉತ್ತರಪತ್ರಿಕೆ, ಅದರ ಮೇಲೆ ‘3/4’. ಎದುರು ಕೂತವರು ಮನಸ್ಸಿನಲ್ಲೇ ಅದನ್ನು ಶೇಕಡಾ 75 ಮಾಡಿಕೊಂಡಿರುತ್ತಾರೆ. ಇಲ್ಲಿನ ಶಾಲೆಯಲ್ಲಿ 75 ಅಂದರೆ ‘ಸಿ’ ಗ್ರೇಡ್. ನಮ್ಮವರ ಮನೆಗಳಲ್ಲಿ ‘ಸಿ’ ಬಂತೆಂದರೆ ಹುಡುಗಿಗೆ ಹುಷಾರಿಲ್ಲವೇನೋ ಎಂದು ಮೊದಲು ವಿಚಾರಿಸುತ್ತಾರೆ.

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜು ಮಟ್ಟದ ಪಾಠ ಓದಿ, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ ಬರೆಯುವುದು. ಶುಲ್ಕ ಸುಮಾರು 100 ಡಾಲರ್. ಫಲಿತಾಂಶ 1ರಿಂದ 5ರವರೆಗಿನ ಒಂದು ಅಂಕಿ. 3 ಬಂದರೆ ತೇರ್ಗಡೆ ಎಂದು ಲೆಕ್ಕ. ಸಂಖ್ಯಾಶಾಸ್ತ್ರದ ಪರೀಕ್ಷೆ ಶುರುವಾದದ್ದು 1997ರಲ್ಲಿ, ಈಗ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುತ್ತಾರೆ. ಕ್ಯಾಲ್ಕುಲಸ್ ಬೇಡದವರಿಗೆ ಇದು ಸುಲಭದ ಎಪಿ ಅನ್ನುವ ಮಾತು ಮಕ್ಕಳ ನಡುವೆಯೂ ಇದೆ, ಅಪ್ಪ–ಅಮ್ಮಂದಿರ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಇದೆ. (ಹೂವಿನಹಡಗಲಿಯಲ್ಲಿ ಹುಟ್ಟಿ, ಈ ಶಾಸ್ತ್ರದ ದೊಡ್ಡ ಹೆಸರುಗಳಲ್ಲೊಂದಾಗಿ, 2023ರಲ್ಲಿ ಅಮೆರಿಕದಲ್ಲೇ ತೀರಿಕೊಂಡ ಸಿ.ಆರ್. ರಾವ್ ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ.) ಸುಲಭ ಅಂತ ಬಂದವರಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಪಡೆಯುವವರು ನೂರಕ್ಕೆ ಅರವತ್ತರ ಆಸುಪಾಸು. ಉಳಿದವರಿಗೆ ಗಣಿತ ಬರಲಿಲ್ಲ ಅಂತಲ್ಲ. ಕ್ಯಾಲ್ಕುಲೇಟರ್ ಕೈಯಲ್ಲೇ ಇರುತ್ತದೆ, ಲೆಕ್ಕ ಅದೇ ಮಾಡಿಕೊಡುತ್ತದೆ. ಅವರು ಎಡವುವುದು ಲೆಕ್ಕ ಮುಗಿದ ಮೇಲೆ ಬರೆಯಬೇಕಾದ ಎರಡು ಸಾಲಿನಲ್ಲಿ.

ಆ ‘3/4’ರ ಉತ್ತರಪತ್ರಿಕೆಯನ್ನೇ ನೋಡಿ. ಶಾಲೆಯ ಕ್ಯಾಂಟೀನಿನ ಹೊಸ ಮೆನು ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಇಷ್ಟವಾಗಿದೆಯೇ ಎಂಬುದು ಪ್ರಶ್ನೆ. ಚೀಟಿ ಎತ್ತಿದ ಹಾಗೆ ಆರಿಸಿದ 120 ಮಂದಿಯಲ್ಲಿ 66 ಜನ ಇಷ್ಟ ಅಂದಿದ್ದಾರೆ, ಅಂದರೆ ಶೇ 55. ಹುಡುಗಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ್ದಳು. ಹೈಪಾಥಿಸಿಸ್ ಎರಡೂ (ಇಷ್ಟಪಟ್ಟವರು ಅರ್ಧದಷ್ಟೇ ಎಂಬ ‘ನಲ್’, ಅರ್ಧಕ್ಕಿಂತ ಹೆಚ್ಚು ಎಂಬ ಇನ್ನೊಂದು) ಸರಿ, ಷರತ್ತುಗಳ ಪರಿಶೀಲನೆ ಸರಿ, ಝಡ್ ಬೆಲೆ 1.095, ಪಿ-ವ್ಯಾಲ್ಯೂ (ನಿಜಕ್ಕೂ ಅರ್ಧದಷ್ಟೇ ಇದ್ದಾಗಲೂ 66 ಅಥವಾ ಅದಕ್ಕಿಂತ ಹೆಚ್ಚು ಜನ ಇಷ್ಟ ಅನ್ನುವ ಸಾಧ್ಯತೆ) 0.137. ಕೊನೆಗೆ ಬರೆದದ್ದು: ‘0.137 ಎಂಬುದು 0.05ಕ್ಕಿಂತ ಹೆಚ್ಚು. ಆದ್ದರಿಂದ ನಲ್ ಹೈಪಾಥಿಸಿಸ್ ಒಪ್ಪುತ್ತೇವೆ. ಮೆನು ಇಷ್ಟವಾಗಿರುವುದು ಸರಿಯಾಗಿ ಅರ್ಧದಷ್ಟು ಮಕ್ಕಳಿಗೆ.’

ಅವಳ ತಂದೆಗೆ ನಾನು ತೋರಿಸಿದ್ದು ಇನ್ನೊಂದು ಲೆಕ್ಕ. ಅದೇ 120 ಜನರಿಂದ ಶೇ 95ರ ವಿಶ್ವಾಸಾಂತರ ತೆಗೆದರೆ ಸುಮಾರು 46ರಿಂದ 64 ಬರುತ್ತದೆ. ನಿಜವಾದ ಪ್ರಮಾಣ ಶೇ 46 ಇರಬಹುದು, 50 ಇರಬಹುದು, 60 ದಾಟಿರಲೂಬಹುದು. ಇಷ್ಟು ಅಗಲದ ಜಾಗದಲ್ಲಿ ‘ಸರಿಯಾಗಿ ಅರ್ಧ’ ಎಂದು ಯಾವ ಧೈರ್ಯದ ಮೇಲೆ ಬೊಟ್ಟಿಡುವುದು? ಅರ್ಧಕ್ಕಿಂತ ಹೆಚ್ಚು ಎನ್ನಲು ಈ 120 ಜನರ ಸಾಕ್ಷಿ ಸಾಲದು ಎನ್ನಬಹುದು, ಅಷ್ಟೇ. ತಂದೆ ಒಂದು ನಿಮಿಷ ಸುಮ್ಮನಿದ್ದು, ‘ನಾವು ಪಿಯುಸಿಯಲ್ಲಿ ಹೀಗೇ ಬರೀತಿದ್ವಲ್ಲ ಮೇಡಂ’ ಎಂದರು. ಹೌದು, ನಾನೂ ಹಾಗೇ ಬರೆದವಳು. ನಮ್ಮಲ್ಲಿ ಲೆಕ್ಕದ ಬೆಲೆ ಟೇಬಲಿನ ಬೆಲೆಗಿಂತ ಕಡಿಮೆ ಬಂದರೆ ಒಪ್ಪಲಾಗಿದೆ ಅಂತ ಬರೆದು ಅಡಿಗೆರೆ ಎಳೆದರೆ ಆ ಸಾಲಿಗೆ ಅಂಕ ಸಿಗುತ್ತಿತ್ತು. ಇಲ್ಲಿ ಕತ್ತರಿ ಬೀಳುವುದೇ ಆ ಸಾಲಿಗೆ. ಮುಂದೊಂದು ದಿನ ಯಾವುದೋ ಔಷಧದ ಬಗ್ಗೆ ‘ಅಡ್ಡಪರಿಣಾಮ ಕಂಡುಬಂದಿಲ್ಲ’ ಎಂಬ ವರದಿಯನ್ನು ‘ಅಡ್ಡಪರಿಣಾಮ ಇಲ್ಲ’ ಎಂದು ಓದುವ ಚಾಳಿ ಶುರುವಾಗುವುದು ಇಂಥ ಸಾಲುಗಳಿಂದಲೇ. ಹಾಗಾಗಿ ಇಲ್ಲಿ ಅಂಕ ಕಡಿಯುವುದು ಸರಿ ಅಂತಲೇ ನನ್ನ ವಾದ.

ಮೇ ತಿಂಗಳ ಪರೀಕ್ಷೆಯ ಮೌಲ್ಯಮಾಪನವೂ ಇದೇ ಧಾಟಿಯದು. ನಲವತ್ತು ಬಹುಆಯ್ಕೆ ಪ್ರಶ್ನೆ ಒಂದೂವರೆ ಗಂಟೆಗೆ, ಆರು ಬರೆಯುವ ಪ್ರಶ್ನೆ ಇನ್ನೊಂದು ಒಂದೂವರೆ ಗಂಟೆಗೆ. ಬರೆದ ಉತ್ತರಗಳನ್ನು ಜೂನ್‌ನಲ್ಲಿ ಹೈಸ್ಕೂಲು, ಕಾಲೇಜು ಎರಡೂ ಕಡೆಯ ಮೇಷ್ಟ್ರುಗಳು ಸೇರಿ ನೋಡುತ್ತಾರೆ. ಬಹಳ ವರ್ಷ ಇದು ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ ನಡೆಯುತ್ತಿತ್ತು. ಉದ್ದುದ್ದ ಮೇಜುಗಳು, ಒಂದೊಂದು ಮೇಜಿಗೂ ಒಬ್ಬ ಹಿರಿಯರು, ದಿನಗಟ್ಟಲೆ ಒಂದೇ ಪ್ರಶ್ನೆ. ಪ್ರಶ್ನೆಯ ಪ್ರತಿ ಭಾಗಕ್ಕೂ ‘ಇ’, ‘ಪಿ’, ‘ಐ’ ಎಂಬ ಮೂರರಲ್ಲೊಂದು ಗುರುತು: ಬಹುಪಾಲು ಸರಿ, ಅರೆ ಸರಿ, ತಪ್ಪು. ಮೂರು ಭಾಗವಿದ್ದಾಗ ಮೂರೂ ‘ಇ’ ಆದರೆ 4. ಎರಡು ‘ಇ’, ಒಂದು ‘ಪಿ’ ಆದರೆ 3.  ವ್ಯಾಕರಣ ಕೆಟ್ಟಿದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಅರ್ಥ ದಾಟಿದರೆ ಸಾಕು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ನನ್ನ ವಿದ್ಯಾರ್ಥಿಗಳಿಗೆ ಇದು ದೊಡ್ಡ ಆಸರೆ. ಆದರೆ ಒಂದು ಪ್ರಶ್ನೆಗೆ ಎರಡು ದಾರಿಯಲ್ಲಿ ಉತ್ತರ ಬರೆದು ‘ನಿಮಗೆ ಬೇಕಾದ್ದು ಆರಿಸಿಕೊಳ್ಳಿ’ ಎಂದರೆ ಎರಡರಲ್ಲಿ ಕಳಪೆಯದಕ್ಕೇ ಅಂಕ. ಹೊಡೆದುಹಾಕಿದ್ದನ್ನು ನೋಡುವುದೇ ಇಲ್ಲ. ಗೊತ್ತಿದ್ದದ್ದೆಲ್ಲ ತುಂಬಿಸಿ ಅಡಿಷನಲ್ ಶೀಟ್ ಕೇಳಿ ಬೆಳೆದ ನಮಗೆ ಇದು ಕ್ರೂರ ಅನ್ನಿಸುತ್ತದೆ. ನನಗಂತೂ ಇಷ್ಟವಾದ ನಿಯಮ ಇದು.

ಬರೆಯುವ ಭಾಗದ ಆರನೇ ಪ್ರಶ್ನೆಯ ಬಗ್ಗೆ ಪ್ರತ್ಯೇಕ ತಕರಾರು ಬರುತ್ತದೆ: ‘ಇದನ್ನು ಕ್ಲಾಸಲ್ಲಿ ಮಾಡಿಸಿಲ್ಲ.’ ಮಾಡಿಸಿಲ್ಲ ನಿಜ, ಮಾಡಿಸಲು ಸಾಧ್ಯವೂ ಇಲ್ಲ. ಕಲಿತದ್ದನ್ನು ಕಾಣದ ಜಾಗಕ್ಕೆ ಒಯ್ಯಬಲ್ಲರೇ ಎಂದು ನೋಡಲೆಂದೇ ಅದನ್ನು ಇಟ್ಟಿರುವುದು. ಅದೊಂದಕ್ಕೇ ಇಡೀ ಪರೀಕ್ಷೆಯ ಎಂಟನೇ ಒಂದು ಪಾಲು.

ಇಷ್ಟು ಬಿಗಿ ಇರುವುದರಿಂದಲೇ ಈ ಪರೀಕ್ಷೆಯಲ್ಲಿ ಯಾರೂ ನೂರಕ್ಕೆ ನೂರು ನಿರೀಕ್ಷಿಸುವುದಿಲ್ಲ. ಹಿಂದೆ ಬಿಡುಗಡೆಯಾದ ಪತ್ರಿಕೆಗಳ ಪ್ರಕಾರ ನೂರಕ್ಕೆ ಎಪ್ಪತ್ತರ ಆಸುಪಾಸು ಬಂದರೆ ಅತ್ಯುನ್ನತವಾದ 5 ಸಿಗುತ್ತಿತ್ತು. ಪಿಯುಸಿಯಲ್ಲಿ 600ಕ್ಕೆ 599 ಬಂದವರ ಫೋಟೊ ಮುಖಪುಟದಲ್ಲಿ ನೋಡುವ ಮನೆಗಳಿಂದ ಬಂದವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ಪರೀಕ್ಷೆಯಲ್ಲಿ ಎಪ್ಪತ್ತು ಅಂದರೆ ಶಿಖರ, ಶಾಲೆಯ ಪೋರ್ಟಲ್‌ನಲ್ಲಿ ಎಪ್ಪತ್ತು ಅಂದರೆ ಕೆಂಪು ಬಣ್ಣ. ಆದ್ದರಿಂದ ನನ್ನ ತರಗತಿಯಲ್ಲಿ 4ಕ್ಕೆ 100, 3ಕ್ಕೆ 90, 2ಕ್ಕೆ 78 ಎಂದು ಬದಲಾಯಿಸಿ ಹಾಕುತ್ತೇನೆ, ಸೆಪ್ಟೆಂಬರ್ ಮೊದಲ ವಾರವೇ ಮನೆಗೆ ಕಳಿಸುವ ಹಾಳೆಯಲ್ಲಿ ಅದನ್ನು ಅಚ್ಚು ಹಾಕಿಸಿರುತ್ತೇನೆ. ಹಾಳೆಗೆ ಸಹಿ ಬರುತ್ತದೆ; ಓದಿ ಸಹಿ ಹಾಕಿದವರು ಎಷ್ಟು ಜನ ಅಂತ ಫೆಬ್ರವರಿಯಲ್ಲಿ ಗೊತ್ತಾಗುತ್ತದೆ.

ಇದೂ ಅಂಕ ಊದಿಸುವುದೇ ತಾನೆ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ನನ್ನನ್ನು ಕೆಣಕುತ್ತಾರೆ. ನಾನು ಒಪ್ಪುವುದಿಲ್ಲ. 3 ಎಂದರೆ ಏನು ಎನ್ನುವುದು ಬರೆದಿಟ್ಟ ಮಾತು, ಯಾರು ಬೇಕಾದರೂ ಉತ್ತರಪತ್ರಿಕೆ ತೆಗೆದು ತಾಳೆ ನೋಡಬಹುದು. ಊದಿಸುವುದು ಅಂದರೆ ಬೇರೆ. ಹೋಮ್‌ವರ್ಕ್ ಪುಟ ತುಂಬಿಸಿದ್ದಕ್ಕೆ, ಒಳಗೆ ಏನಿದೆ ನೋಡದೆ ಪೂರ್ತಿ ಅಂಕ. ಟೆಸ್ಟಿನಲ್ಲಿ ತಪ್ಪಾದದ್ದನ್ನು ಪಕ್ಕದವರ ಹಾಳೆ ನೋಡಿ ತಿದ್ದಿ ತಂದರೆ ಅರ್ಧ ವಾಪಸ್. ಸೆಮಿಸ್ಟರ್ ಕೊನೆಯಲ್ಲಿ ತರಗತಿಗೆ ಟಿಶ್ಯೂ ಡಬ್ಬ ತಂದುಕೊಟ್ಟರೆ ಎಕ್ಸ್‌ಟ್ರಾ ಕ್ರೆಡಿಟ್ — ನಗಬೇಡಿ, ಇದು ಇಲ್ಲಿ ಚಾಲ್ತಿಯಲ್ಲಿದೆ. ಇದೆಲ್ಲ ಕೂಡಿ ಮಗುವಿಗೆ ‘ಎ’ ಬರುತ್ತದೆ. ಎಪಿ ಆದ್ದರಿಂದ ಅನೇಕ ಶಾಲೆಗಳಲ್ಲಿ ಅದಕ್ಕೆ ನಾಲ್ಕರ ಬದಲು ಐದು ಗ್ರೇಡ್ ಪಾಯಿಂಟ್. ಜುಲೈನಲ್ಲಿ ನೋಡಿದರೆ ಎಪಿ ಪರೀಕ್ಷೆಯಲ್ಲಿ 2.

ಹೀಗಾದರೂ ಯಾರೂ ಕೇಳದಿರಲು ಕಾರಣವಿದೆ. ಈ ವಿಷಯವನ್ನು ಹೆಚ್ಚಿನವರು ತೆಗೆದುಕೊಳ್ಳುವುದು ಹೈಸ್ಕೂಲಿನ ಕೊನೆಯ ವರ್ಷ. ಕಾಲೇಜುಗಳ ಪ್ರವೇಶ ಪತ್ರ ವಸಂತಕಾಲಕ್ಕೇ ಕೈಸೇರಿರುತ್ತದೆ. ಜುಲೈನಲ್ಲಿ ಬರುವ ಅಂಕಿಯಿಂದ ಸೀಟಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಕಾಲೇಜಿನಲ್ಲಿ ಒಂದು ಕೋರ್ಸಿನ ವಿನಾಯಿತಿ ಸಿಗುತ್ತದೋ ಇಲ್ಲವೋ ಅಷ್ಟೇ. ಹಾಗಾಗಿ ಜಗಳವೆಲ್ಲ ಪೋರ್ಟಲ್‌ನ ಗ್ರೇಡಿಗೆ. ಗಟ್ಟಿ ಧ್ವನಿಯ ಮನೆಯವರು ಇಮೇಲ್ ಹಾಕಿ, ಟ್ಯೂಷನ್ ಇಟ್ಟು, ಪ್ರಿನ್ಸಿಪಾಲರವರೆಗೆ ಹೋಗಿ ಗ್ರೇಡನ್ನೂ ಕಾಪಾಡಿಕೊಳ್ಳುತ್ತಾರೆ, ಕಲಿಕೆಯನ್ನೂ ಸರಿಮಾಡಿಕೊಳ್ಳುತ್ತಾರೆ. ಸುಮ್ಮನೆ ‘ಎ’ ನಂಬಿಕೊಂಡು ಕೂತ ಮಗುವಿಗೆ ತನಗೆ ಬಾರದ್ದು ಏನು ಅಂತ ಗೊತ್ತಾಗುವುದು ಕಾಲೇಜಿನ ಮೊದಲ ಸಂಖ್ಯಾಶಾಸ್ತ್ರದ ತರಗತಿಯಲ್ಲಿ.

ಮರುಪರೀಕ್ಷೆಗೆ ನನ್ನ ವಿರೋಧವಿಲ್ಲ. ಸಂಜೆ ಪಿಜ್ಜಾ ಅಂಗಡಿಯಲ್ಲಿ ದುಡಿದು ಬರುವ ಹುಡುಗನಿಗೆ ಇನ್ನೊಂದು ಅವಕಾಶ ಕೊಡಲೇಬೇಕು. ಆದರೆ ಹೊಸ ಪ್ರಶ್ನೆ ಇರಲಿ, ಅಳತೆ ಅದೇ ಇರಲಿ. ಟಿಶ್ಯೂ ಡಬ್ಬ ನನ್ನ ದುಡ್ಡಿನಲ್ಲೇ ತರುತ್ತೇನೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ ಸಂಬಂಧವಿಲ್ಲದ ವಿಚಾರ ಎನ್ನುವ ಹಾಗೂ ಇಲ್ಲ. ಪ್ರಾಯೋಗಿಕ ಪರೀಕ್ಷೆ ಇಲ್ಲದ ಪಿಯುಸಿ ವಿಷಯಗಳಲ್ಲೂ ಈಗ ನೂರರಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ, ಅಂದರೆ ಕಾಲೇಜಿನ ಕೈಗೆ, ಹೋಗಿದೆ. ಪ್ರಾಜೆಕ್ಟ್ ಫೈಲಿನ ರಟ್ಟು ನೋಡಿ ಎಲ್ಲರಿಗೂ 19, 20 ಹಾಕಿಬಿಡುವುದು ಸುಲಭ, ಉಪನ್ಯಾಸಕರ ಮೇಲಿನ ಒತ್ತಡವೂ ನನಗೆ ಅರ್ಥವಾಗುತ್ತದೆ. ಅದರ ಬದಲು ಸಂಖ್ಯಾಶಾಸ್ತ್ರದವರು ಆ 20ರಲ್ಲಿ ಐದಂಕವನ್ನು ಒಂದೇ ಕೆಲಸಕ್ಕೆ ಮೀಸಲಿಡಬಹುದು: ಲೆಕ್ಕವನ್ನು ಪೂರ್ತಿ ಮಾಡಿಯೇ ಕೊಡಿ, ಪಿ-ವ್ಯಾಲ್ಯೂವನ್ನೂ ಕೊಡಿ. ಅದರಿಂದ ಏನು ಹೇಳಬಹುದು, ಏನು ಹೇಳಬಾರದು ಎಂದು ವಿದ್ಯಾರ್ಥಿ ತನ್ನದೇ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ಸಾಲು ಬರೆಯಲಿ. ಮೊದಲ ವರ್ಷ ಐದಕ್ಕೆ ಐದು ಬರುವವರು ಕಡಿಮೆ ಇರುತ್ತಾರೆ. ಪೋಷಕರಿಗೆ ಇದನ್ನು ಜೂನ್‌ನಲ್ಲೇ ಹೇಳಿಬಿಡುವುದು ಒಳ್ಳೆಯದು.