ಭೇಟಿಯ ದಿನ ಕೂಲಿಯ ದಿನವಲ್ಲ

ಗಂಡ ಹೆಂಡತಿ ಬೇರೆಯಾದ ಮನೆಗಳ ಮಕ್ಕಳು ನಮ್ಮ ಅವಲಪಲ್ಲಿ ಕಡೆಯ ಕನ್ನಡ ಶಾಲೆಗಳಲ್ಲೂ ಇದ್ದಾರೆ. ತಾಯಿ ಹೊಸೂರಿನಲ್ಲಿ, ತಂದೆ ಗಡಿಯಾಚೆ ಅತ್ತಿಬೆಲೆಯಲ್ಲೋ ಆನೇಕಲ್ಲಿನಲ್ಲೋ. ಶನಿವಾರ ಅಪ್ಪನನ್ನು ನೋಡಲು ಹೋದ ಮಗು ಸೋಮವಾರ ತರಗತಿಯಲ್ಲಿ ತೂಕಡಿಸುತ್ತದೆ. ಕೇಳಿದರೆ, "ಹೋಟೆಲಲ್ಲಿ ಕೆಲ್ಸ ಇತ್ತು ಟೀಚರ್" ಅನ್ನುತ್ತದೆ. ಅಮ್ಮನ ಜೊತೆ ಗುಲಾಬಿ ಕಟ್ಟಲು ಹೋಗುವ ಮಕ್ಕಳದ್ದೂ ಇದೇ ಪಾಡು.

"ಸ್ವಂತ ಅಪ್ಪನಿಗೆ ಸಹಾಯ ಮಾಡಿದರೆ ತಪ್ಪೇನು?" ಎಂದು ನಮ್ಮನ್ನೇ ಕೇಳುತ್ತಾರೆ. ಸಹಾಯ ತಪ್ಪಲ್ಲ. ಆದರೆ ಈ ಭೇಟಿ ಯಾರ ಹಕ್ಕು? ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ, ಬೇರೆಯಾದ ತಂದೆ ತಾಯಿ ಇಬ್ಬರ ಒಡನಾಟವನ್ನೂ ಮಗುವಿನ ಹಕ್ಕು ಎನ್ನುತ್ತದೆ. ಮಕ್ಕಳು ಹೆತ್ತವರ ಸ್ವತ್ತಲ್ಲ ಎಂದು ಸುಪ್ರೀಂ ಕೋರ್ಟು ರೋಸಿ ಜೇಕಬ್ ಪ್ರಕರಣದಲ್ಲಿ 1973ರಲ್ಲೇ ಹೇಳಿದೆ. ಮಗುವಿಗೆ ಸಿಕ್ಕ ಎರಡು ದಿನವನ್ನು ತಂದೆ ತನಗೆ ಸಿಕ್ಕ ಎರಡು ಆಳುದಿನ ಎಂದುಕೊಂಡರೆ ಹೇಗೆ?

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ, 14 ವರ್ಷದೊಳಗಿನ ಮಗು ಶಾಲೆಯ ನಂತರ ಅಥವಾ ರಜೆಯಲ್ಲಿ ಮನೆಯವರ ಕಸುಬಿಗೆ ನೆರವಾಗಬಹುದು ಎನ್ನುತ್ತದೆ. ಎಲ್ಲರೂ ಹಿಡಿದುಕೊಂಡಿರುವುದು ಇದೊಂದೇ ಮಾತನ್ನು! ಅಪಾಯದ ಕೆಲಸ ಕೂಡದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು, ದಿನಕ್ಕೆ 3 ಗಂಟೆ ಮೀರಕೂಡದು ಎಂಬ 2017ರ ನಿಯಮಗಳು ಯಾರಿಗೂ ನೆನಪಿಲ್ಲ. ಇನ್ನೊಬ್ಬರ ಪಾಲಿಹೌಸಿನಲ್ಲಿ ಅಪ್ಪ ಅಮ್ಮ ಕೂಲಿಗಿದ್ದರೆ ಅದು ಮನೆಯ ಕಸುಬೇ ಅಲ್ಲ. ಅಲ್ಲಿ ಮಗು ಕೈಹಾಕುವಂತೆಯೇ ಇಲ್ಲ.

ಮಗು ಯಾಕೆ ಬಾಯಿ ಬಿಡುವುದಿಲ್ಲ? ಹೇಳಿದರೆ ಅಮ್ಮ ಮುಂದಿನ ವಾರ ಕಳಿಸುವುದಿಲ್ಲ, ಅಪ್ಪ ಕೈತಪ್ಪುತ್ತಾನೆ. ಆ ಭಯಕ್ಕೇ ಅದು ಎಂಜಲು ಲೋಟ ತೊಳೆಯುತ್ತದೆ. ಹಾಗಾಗಿ ಇದೇ ನೆಪದಲ್ಲಿ ಭೇಟಿಯನ್ನೇ ನಿಲ್ಲಿಸುವ ತಾಯಂದಿರನ್ನೂ ನಾವು ಒಪ್ಪುವುದಿಲ್ಲ. ನಿಲ್ಲಬೇಕಾದ್ದು ದುಡಿತ, ಭೇಟಿಯಲ್ಲ.

ನಮ್ಮ ಕಡೆ ಎಷ್ಟೋ ಮನೆಗಳ ಬೇರ್ಪಡೆ ಕೋರ್ಟು ಮೆಟ್ಟಿಲು ಹತ್ತುವುದಿಲ್ಲ, ಊರ ಹಿರಿಯರ ಮುಂದೆ ಮುಗಿಯುತ್ತದೆ. ಪಾತ್ರೆ, ಒಡವೆ, ಸಾಲ ಎಲ್ಲ ಬರೆಯುತ್ತಾರೆ. ಮಗುವಿನ ದಿನಗಳನ್ನೂ ಬರೆಯಿರಿ, ಆ ದಿನ ಕೆಲಸಕ್ಕೆ ಹಚ್ಚುವುದಿಲ್ಲ ಎಂದೂ ಬರೆಯಿರಿ. ಮಗುವನ್ನೂ ಕೇಳಿ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯೇ ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಪರಿಗಣಿಸಬಹುದು ಎಂದಿದೆ. ಬ್ರಿಟಿಷರ ಕಾಲದ ಕಾಯ್ದೆಗಿದ್ದ ಬುದ್ಧಿ ನಮ್ಮ ಕಟ್ಟೆಗೆ ಬೇಡವೇ?

ಶಿಕ್ಷಕರೇ, ಹಾಜರಿ ಹಾಕಿ ಸುಮ್ಮನಾಗಬೇಡಿ. ಹೇಳದೆ ಕೇಳದೆ ಸತತ 30 ದಿನ ಬಾರದ ಮಗುವಿನ ಬಗ್ಗೆ ಅಧಿಕಾರಿಗೆ ತಿಳಿಸುವುದು ಅದೇ ನಿಯಮಗಳ ಪ್ರಕಾರ ಮುಖ್ಯಶಿಕ್ಷಕರ ಕರ್ತವ್ಯ. ಆದರೆ ಸೋಮವಾರದ ತೂಕಡಿಕೆ ನೋಡಲು 30 ದಿನ ಬೇಕಿಲ್ಲ. ಮೊದಲು ಹೆತ್ತವರಿಬ್ಬರನ್ನೂ ಕರೆಸಿ, ಶಾಲಾ ನಿರ್ವಹಣಾ ಸಮಿತಿಯಲ್ಲಿ ಮಾತಾಡಿ. ಕೇಳದಿದ್ದರೆ 1098ಕ್ಕೆ ಫೋನ್ ಮಾಡಿ.

ಅಪ್ಪಂದಿರೇ, ಆಳು ಬೇಕಿದ್ದರೆ ಕೂಲಿ ಕೊಟ್ಟು ದೊಡ್ಡವರನ್ನು ಕರೆಯಿರಿ. ಮಗು ಬರುವುದು ನಿಮ್ಮನ್ನು ನೋಡಲು.